ಮತ್ತೆ ಬನ್ನಿ

ನಾನು ಅಜ್ಜಿಯಾಗುವ ವರ್ಷ ನನಗೆ ನಲವತ್ತಮೂರು. ಮಗಳಿಗೆ ದಿನ ತುಂಬುತ್ತಾ ಬಂದ ಹೊತ್ತಿಗೆ ನಮ್ಮ ಕಡೆ ಕೊರೋನಾದ ಸೂಜಿ ಸಿಗುತ್ತಿದ್ದದ್ದು ನಲವತ್ತೈದು ದಾಟಿದವರಿಗೆ. ಅಜ್ಜಿಯಾಗಲಿಕ್ಕೆ ವಯಸ್ಸಾಗಿದೆ, ಸೂಜಿಗೆ ಮಾತ್ರ ಆಗಿಲ್ಲ ಅಂದರೆ ಇದೆಂತ ನ್ಯಾಯ ಮಾರಾಯ್ರೆ? ಅಂಗಡಿಗೆ ಅಳತೆ ಕೊಡಲಿಕ್ಕೆ ಬಂದವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಟೇಪು ಅವರ ಕುತ್ತಿಗೆಯಲ್ಲೇ ಇರುತ್ತಿತ್ತಾದ್ದರಿಂದ ಯಾರೂ ನನ್ನ ಮಾತಿಗೆ ಎದುರು ಹೇಳುತ್ತಿರಲಿಲ್ಲ.

ಕಾಪು ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಚೂಡಿದಾರ, ರವಿಕೆ, ನೈಟಿ ಎಲ್ಲ ಹೊಲಿಯುತ್ತೇನೆ. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ನಾನು ಮತ್ತು ನನ್ನನ್ನು ಹೆತ್ತ ಉಮ್ಮ, ಇಬ್ಬರೇ. ನಾವು ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವರು, ಉಮ್ಮನ ಕನ್ನಡವೆಲ್ಲ ಸಂತೆಯಲ್ಲಿ ಮೀನು, ತರಕಾರಿ ಚೌಕಾಸಿ ಮಾಡಿ ಕಲಿತದ್ದು. ನಾನು ಸ್ವಲ್ಪ ಜೋರು. ಅದು ಉಮ್ಮನಿಂದಲೇ ಬಂದದ್ದು ಎಂದು ಗಂಡ ಹೇಳುತ್ತಾರೆ, ದೂರದಲ್ಲಿರುವವರಿಗೆ ಧೈರ್ಯ ಜಾಸ್ತಿ.

ಚೊಚ್ಚಲ ಹೆರಿಗೆ ತಾಯಿಯ ಮನೆಯದ್ದು. ನಮ್ಮ ಊರಿನಲ್ಲಿ ಯಾವ ಜಾತಿಯವರನ್ನು ಕೇಳಿದರೂ ಇದೇ ಮಾತು. ಮಗಳಿಗೆ ಐದು ತಿಂಗಳಾಗುವಾಗಲೇ ನಾನು ತಯಾರಿ ಶುರು ಮಾಡಿದ್ದೆ. ಉಮ್ಮನ ಹಳೆಯ ಮೆತ್ತನೆಯ ಬಟ್ಟೆಗಳನ್ನು ಕತ್ತರಿಸಿ ಮಗುವಿಗೆ ಪುಟ್ಟಪುಟ್ಟ ಅಂಗಿ ಹೊಲಿದಿಟ್ಟೆ. ಒಳಗಿನ ಕೋಣೆಗೆ ಸುಣ್ಣ ಬಳಿಸಿದೆ. ಬಾಣಂತಿಯ ಸ್ನಾನಕ್ಕೆಂದು ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದೆ. ಅಷ್ಟರಲ್ಲಿ ಎರಡನೇ ಅಲೆ ಬಂತು, ಲಾಕ್‌ಡೌನ್ ಆಯಿತು, ಮಗಳು ಕಾರ್ಕಳದಲ್ಲಿ ಗಂಡನ ಮನೆಯಲ್ಲೇ ಉಳಿದಳು.

ಲಾಕ್‌ಡೌನ್ ಮಾತ್ರ ಆಗಿದ್ದರೆ ಹೇಗಾದರೂ ಪಾಸ್ ಮಾಡಿಸಿ ಕರೆತರುತ್ತಿದ್ದೆ. ಅಡ್ಡ ನಿಂತದ್ದು ನನ್ನ ಬೀಗಿತ್ತಿ, ಅಳಿಯನ ತಾಯಿ. ಅವರು ನರ್ಸ್ ಆಗಿದ್ದು ನಿವೃತ್ತರಾದವರು. ಮನೆಯನ್ನೂ ವಾರ್ಡಿನ ಹಾಗೆಯೇ ನಡೆಸುತ್ತಾರೆ. ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದರು: "ನಿಮ್ಮದು ಪೇಟೆಯಲ್ಲಿ ಅಂಗಡಿ. ತೆರೆದರೆ ದಿನಾ ಹತ್ತಾರು ಜನ ಮೈಗೆ ಮೈ ತಾಗಿಸಿ ಅಳತೆ ಕೊಡ್ತಾರೆ. ಮನೆಯಲ್ಲಿ ಒಬ್ಬರಿಗೂ ಸೂಜಿ ಆಗಲಿಲ್ಲ. ನಾನು ಹೇಗೆ ಕಳಿಸುವುದು ಹೇಳಿ?"

ನನ್ನ ಪಿತ್ತ ನೆತ್ತಿಗೇರಿತು. ಆದರೆ ಬೀಗಿತ್ತಿಯ ಹತ್ತಿರ ಜಗಳ ಆಡಿದರೆ ಮಗಳು ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತಾಳೆ. ಫೋನ್ ಇಟ್ಟ ಮೇಲೆ ಹಂಡೆಗೆ ಬಾಯಿಗೆ ಬಂದ ಹಾಗೆ ಬೈದೆ.

ಹೆರಿಗೆ ಮಣಿಪಾಲದಲ್ಲಿ ಆಯಿತು. ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ, ಆ ಒಬ್ಬರು ಬೀಗಿತ್ತಿ. ಹೆಣ್ಣು ಮಗು. ಮೊಬೈಲಿನಲ್ಲಿ ನೋಡಿದೆ. ಸಮುದ್ರದಾಚೆ ಇದ್ದ ನನ್ನ ಗಂಡನಿಗೂ, ಮಣಿಪಾಲಕ್ಕೆ ಅರ್ಧ ಗಂಟೆಯ ದಾರಿಯಲ್ಲಿದ್ದ ನನಗೂ ಮಗು ಒಂದೇ ಅಳತೆಯಲ್ಲಿ ಕಂಡಿತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಬೀಗಿತ್ತಿಯ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಓಡಾಟಕ್ಕೆ ಸ್ವಲ್ಪ ಸಡಿಲಿಕೆ ಸಿಕ್ಕಿದ ಮೊದಲ ದಿನವೇ ಉಮ್ಮನನ್ನು ಕರೆದುಕೊಂಡು ರಿಕ್ಷಾದಲ್ಲಿ ಕಾರ್ಕಳಕ್ಕೆ ಹೊರಟೆ. ಮೆಂತ್ಯದ ಲೇಹ್ಯ, ಕಾಯಿಸಿದ ಎಣ್ಣೆ, ಅಂಗಿಗಳ ಗಂಟು ಎಲ್ಲ ಮಡಿಲಲ್ಲಿ. ನೋಡಿದರೆ ಗೇಟಿಗೆ ಚಿಲಕ! ಬೀಗಿತ್ತಿ ಎರಡು ಮಾಸ್ಕ್ ಹಾಕಿ ಜಗಲಿಯಲ್ಲಿ ನಿಂತು, ಮಗುವನ್ನು ಎತ್ತಿ ತೋರಿಸಿದರು. ಬಟ್ಟೆಯ ಸುರುಳಿಯೊಳಗೆ ಒಂದು ಮೂಗು ಕಂಡಿತು, ಅಷ್ಟೇ. ಕಿಟಕಿಯ ಹಿಂದೆ ಮಗಳು ಅಳುತ್ತಿದ್ದಳು. ಗೇಟಿನ ಈಚೆ ನಾನು.

"ಈಗ ಬೇಡ. ಮತ್ತೆ ಬನ್ನಿ," ಎಂದರು ಬೀಗಿತ್ತಿ.

ನಮ್ಮ ಕರಾವಳಿಯಲ್ಲಿ ಮತ್ತೆ ಅಂದರೆ ಆಮೇಲೆ, ಸ್ವಲ್ಪ ಹೊತ್ತು ಕಳೆದು. ಚಾ ಈಗ ಬೇಡ, ಮತ್ತೆ ಕುಡಿಯುತ್ತೇನೆ ಅನ್ನುವುದಿಲ್ಲವಾ, ಹಾಗೆ. ಇನ್ನೊಂದು ಸಲ ಎಂದು ಹೇಳಲಿಕ್ಕೆ ನಮ್ಮಲ್ಲಿ ಬೇರೆಯೇ ಮಾತು, ಪುನಃ. ಬೀಗಿತ್ತಿ ಬಿಡಿಸಿಯೂ ಹೇಳಿದರು: ನಿಮಗಿಬ್ಬರಿಗೂ ಒಂದೊಂದು ಸೂಜಿ ಆಗಲಿ, ಆಗಿ ಎರಡು ವಾರ ಕಳೆಯಲಿ, ನಾನೇ ಮಗುವನ್ನು ನಿಮ್ಮ ಮಡಿಲಿಗೆ ಹಾಕಿ ಕಳಿಸುತ್ತೇನೆ ಎಂದು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಬಾಣಂತಿಗೆ ನಲವತ್ತು ತುಂಬುವ ದಿನ ಒಂದು ಸ್ನಾನ ಉಂಟು, ಅದರೊಟ್ಟಿಗೆ ಬಾಣಂತನ ಮುಗಿದ ಲೆಕ್ಕ. ಆ ಸ್ನಾನವೂ ಕಾರ್ಕಳದಲ್ಲೇ ಆಗಿಹೋದರೆ ನಾನು ತಾಯಿ ಅಂತ ಇದ್ದು ಎಂತ ಪ್ರಯೋಜನ? ಮಗಳ ಮೈಗೆ ಒಂದು ಚೊಂಬು ಬಿಸಿನೀರು ಹೊಯ್ಯುವ ಭಾಗ್ಯವೂ ಇಲ್ಲವಾ?

ವಾಪಸು ಬರುವಾಗ ಬೆಳ್ಮಣ್ಣು ದಾಟಿದ ಮೇಲೆ ಉಮ್ಮ ರಿಕ್ಷಾದ ಸದ್ದಿಗಿಂತ ಜೋರಾಗಿ ಹೇಳಿದರು, "ನಾಳೆಯೇ ನನಗೆ ಸೂಜಿ ಹಾಕಿಸು."

ಇದು ದೊಡ್ಡ ಮಾತು. ಉಮ್ಮನಿಗೆ ಎಪ್ರಿಲ್ ತಿಂಗಳಲ್ಲೇ ಸೂಜಿ ಸಿಗುತ್ತಿತ್ತು. ಆಶಾ ಕಾರ್ಯಕರ್ತೆ ಮನೆಗೇ ಬಂದು ಕರೆದಿದ್ದರು. ಆಗ ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಒಂದು ವಿಡಿಯೋ ಕಳಿಸಿದ್ದರು, ಸೂಜಿ ಹಾಕಿಸಿಕೊಂಡವನ ತೋಳಿಗೆ ಚಮಚ ಅಂಟಿಕೊಳ್ಳುವುದು. ಅದನ್ನು ನೋಡಿದ ಉಮ್ಮ ಬಚ್ಚಲಿಗೆ ಹೋಗಿ ಚಿಲಕ ಹಾಕಿ ಕೂತವರು, ಆಶಾ ಹೋಗುವವರೆಗೆ ಹೊರಗೆ ಬರಲಿಲ್ಲ. ಈಗ ಅದೇ ಉಮ್ಮ ರಿಕ್ಷಾದಲ್ಲಿ ಕೂತು, "ಚಮಚ ಅಂಟಿದರೆ ಅಂಟಲಿ, ಹುಡುಕುವ ಕೆಲಸ ತಪ್ಪಿತು," ಅನ್ನುತ್ತಿದ್ದಾರೆ!

ಅಷ್ಟರಲ್ಲಿ ಹದಿನೆಂಟು ದಾಟಿದವರೆಲ್ಲ ಬರಬಹುದು ಎಂದು ಘೋಷಣೆಯಾಯಿತು. ಘೋಷಣೆ ಬಂತು, ಮದ್ದು ಬರಲಿಲ್ಲ. ಉಡುಪಿಗೆ ಹೋದರೆ ಇವತ್ತಿನದ್ದು ಮುಗಿಯಿತು. ಮಣಿಪಾಲಕ್ಕೆ ಹೋದರೆ ಎರಡನೇ ಸೂಜಿಯವರಿಗೆ ಮಾತ್ರ. ಅಲೆವೂರಿನಲ್ಲಿ ಕ್ಯಾಂಪ್ ಉಂಟಂತೆ ಎಂದು ಓಡಿದರೆ ಅದು ಅಲ್ಲಿಯವರಿಗೆ. ಆಧಾರ್ ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಂಡು ತಿರುಗಿದೆ. ನಿಂತ ಸಾಲಿನಲ್ಲೆಲ್ಲ ಒಬ್ಬೊಬ್ಬರ ಹತ್ತಿರ ಜಗಳ. ಗಂಡ ಗಲ್ಫಿನಿಂದ ಫೋನ್ ಮಾಡಿ ತಮಗೆ ಎರಡೂ ಆಯಿತು ಎಂದು ತೋಳು ಎತ್ತಿ ತೋರಿಸಿದರು. "ದಿನಾ ಕೈಯಲ್ಲಿ ಸೂಜಿ ಹಿಡಿಯುವವಳು, ನಿನಗೊಂದು ಸೂಜಿ ಸಿಗಲಿಲ್ಲವಾ?" ಎಂದು ಕುಶಾಲು ಬೇರೆ. ಎರಡು ದಿನ ಅವರ ಫೋನ್ ಎತ್ತಲಿಲ್ಲ.

ಕಡೆಗೆ ನಮ್ಮ ಆರೋಗ್ಯ ಕೇಂದ್ರದ ಪಕ್ಕದ ಶಾಲೆಯಲ್ಲಿ ಕ್ಯಾಂಪ್ ಇಟ್ಟರು. ಪ್ರಾಯ ಆದವರಿಗೆ ಮೊದಲು ಎಂದು ಉಮ್ಮನಿಗೆ ಟೋಕನ್ ಸಿಕ್ಕಿತು. ನನಗೆ ಇಲ್ಲ. ಬೇಡಿಕೊಂಡೆ, ಬೊಬ್ಬೆ ಹೊಡೆದೆ, ಮೊಮ್ಮಗಳ ಫೋಟೋ ತೋರಿಸಿದೆ. ಟೋಕನ್ ಕೊಡುವವನು ಫೋಟೋ ನೋಡಿ ಚಂದ ಉಂಟು ಎಂದ, ಟೋಕನ್ ಕೊಡಲಿಲ್ಲ.

ಆ ಬೆಳಿಗ್ಗೆ ಮಳೆ ಧೋ ಎಂದು ಹೊಯ್ಯುತ್ತಿತ್ತು. ಟೋಕನ್ ಇದ್ದವರನ್ನು ಮಾತ್ರ ಒಳಗೆ ಬಿಡುವುದು. ಉಮ್ಮನನ್ನು ಗೇಟಿನವರೆಗೆ ಬಿಟ್ಟು, ಮುಗಿದ ಕೂಡಲೇ ಗುರುತಿನ ರಿಕ್ಷಾದಲ್ಲಿ ಮನೆಗೆ ಹೋಗಿ ಎಂದು ಹತ್ತು ಸಲ ಹೇಳಿ ಅಂಗಡಿಗೆ ಹೋದೆ. ಆಗಷ್ಟೇ ಅಂಗಡಿ ತೆರೆಯಲಿಕ್ಕೆ ಬಿಟ್ಟಿದ್ದರು, ಕೆಲಸ ರಾಶಿ ಬಿದ್ದಿತ್ತು. ಅದರಲ್ಲಿ ಅರ್ಧ ರವಿಕೆಯ ತೋಳು ಸಡಿಲ ಮಾಡುವ ಕೆಲಸ. ಸೂಜಿ ಹಾಕಿಸಿಕೊಳ್ಳಲಿಕ್ಕೆ ತೋಳು ಮೇಲೆ ಹೋಗಬೇಕಲ್ಲ! ಊರಿನ ಹೆಂಗಸರ ತೋಳುಗಳನ್ನೆಲ್ಲ ನಾನೇ ಸಡಿಲ ಮಾಡಿ ಕಳಿಸಿದೆ, ಒಬ್ಬೊಬ್ಬರು ಹಾಕಿಸಿಕೊಂಡು ಬಂದು ನನಗೇ ವರ್ಣಿಸಿದರು.

ಹನ್ನೊಂದಾಯಿತು, ಹನ್ನೆರಡಾಯಿತು. ಮನೆಗೆ ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಬಾಗಿಲಿಗೆ ಬೀಗ ಹಾಗೆಯೇ ಉಂಟು ಎಂದರು. ರಿಕ್ಷಾದವನನ್ನು ಕೇಳಿದರೆ, "ನಾನು ನೋಡಲೇ ಇಲ್ಲ ಅಕ್ಕ." ಸೂಜಿ ಆದ ಮೇಲೆ ತಲೆ ತಿರುಗಿ ಬಿದ್ದವರ ಕಥೆ, ಬಿದ್ದವರು ಏಳದ ಕಥೆ, ಬೇಡದ್ದೆಲ್ಲ ನೆನಪಾಯಿತು. ಒಬ್ಬರ ಚೂಡಿದಾರದ ಬಲತೋಳನ್ನು ಎಡಕ್ಕೆ ಜೋಡಿಸಿ ಹೊಲಿದುಬಿಟ್ಟಿದ್ದೆ. ಮೆಷಿನಿನಲ್ಲೇ ಬಿಟ್ಟು ಶಟರ್ ಎಳೆದು ಮಳೆಯಲ್ಲೇ ಓಡಿದೆ. ಹೆದರಿಸಿ, ಗದರಿಸಿ ನಾನೇ ಕಳಿಸಿದ್ದಲ್ಲ, ಅವರೇ ಹೊರಟದ್ದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ದೇವರಾಣೆ, ಅಷ್ಟು ಹೆದರಿದ್ದು ಬೇರೆ ಯಾವತ್ತೂ ಇಲ್ಲ.

ಶಾಲೆಯ ಜಗಲಿ ಹೆಚ್ಚುಕಡಿಮೆ ಖಾಲಿ. ಕೊನೆಯ ಬೆಂಚಿನಲ್ಲಿ ನನ್ನ ಉಮ್ಮ! ತೋಳು ಇನ್ನೂ ಮೇಲಕ್ಕೆ ಮಡಚಿಕೊಂಡು, ಯಾರೋ ಕೊಟ್ಟ ಬಿಸ್ಕೆಟನ್ನು ಚಾದಲ್ಲಿ ಅದ್ದಿ ತಿನ್ನುತ್ತಿದ್ದಾರೆ.

"ಉಮ್ಮಾ! ಎಂತಾಯ್ತು ನಿಮಗೆ?"

"ಎಂತ ಆಗ್ಲಿಕ್ಕುಂಟು? ಒಂದಾಯ್ತು. ಇನ್ನೊಂದಕ್ಕೆ ಕೂತಿದ್ದೇನೆ."

"ಇನ್ನೊಂದಾ? ಯಾರು ಹೇಳಿದ್ದು?"

"ಸೂಜಿ ಹಾಕಿದ ಸಿಸ್ಟರೇ ಹೇಳಿದರು. ಒಟ್ಟು ಎರಡು ಅಂತೆ. ಒಂದು ಹಾಕಿ, ಮತ್ತೆ ಬರ್ಲಿಕ್ಕೆ ಹೇಳಿದರು. ಈ ಮಳೆಗೆ ಹೋಗಿ ಬರುವುದೆಂತಕ್ಕೆ ಅಂತ ಇಲ್ಲೇ ಕೂತೆ. ಇನ್ನೂ ಕರೀಲಿಲ್ಲ ನೋಡು."

ನಾನು ಸೀದಾ ಒಳಗೆ ನುಗ್ಗಿದೆ. ಅಲ್ಲಿ ಸಣ್ಣ ಪ್ರಾಯದ ಸಿಸ್ಟರ್, ವಿಜಯಪುರದ ಕಡೆಯವರು, ಕೆಲಸದ ಮೇಲೆ ನಮ್ಮ ಊರಿಗೆ ಬಂದವರು. ಹೆದರಿಕೆಯೆಲ್ಲ ಸಿಟ್ಟಾಗಿ ನನ್ನ ಬಾಯಿಂದ ಹೊರಗೆ ಬಂತು. ಪ್ರಾಯ ಆದ ಹೆಂಗಸನ್ನು ಬೆಳಿಗ್ಗೆಯಿಂದ ಹೀಗೆ ಕೂರಿಸುವುದಾ, ನಿಮಗೆ ಉಮ್ಮ ಇಲ್ಲವಾ, ಎಂತ ಅಂತ ತಿಳಿದಿದ್ದೀರಿ ಎಂದು ಏನೆಲ್ಲ ಹೇಳಿದೆನೋ.

"ಅಯ್ಯ ಅಕ್ಕಾರ, ನಾ ಯಾವಾಗ ಕೂಡ್ಸೀನ್ರಿ?" ಅವರೂ ಬಿಡಲಿಲ್ಲ. "ಮನಿಗೆ ಹೋಗಿ ಮತ್ತ ಬರ್ರಿ ಅಂತ ಹೇಳೀನ್ರಿ. ಮೂರು ತಿಂಗಳಾ ಬಿಟ್ಟು!"

"ಮೂರು ತಿಂಗಳು ಬಿಟ್ಟು ಆದ್ರೆ ಪುನಃ ಬನ್ನಿ ಅನ್ಬೇಕು! ಮತ್ತೆ ಅಂದ್ರೆ ಇವತ್ತೇ, ಸ್ವಲ್ಪ ಹೊತ್ತು ಕಳೆದು!"

"ನಮ್ಮ ಕಡೆ ಮತ್ತ ಅಂದ್ರ ಇನ್ನೊಮ್ಮೆರೀ!"

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಮೊದಲು ಕಿಸಕ್ಕೆಂದಳು. ಆಮೇಲೆ ಸಿಸ್ಟರ್ ನಕ್ಕರು, ನನಗೂ ತಡೆಯಲಿಕ್ಕೆ ಆಗಲಿಲ್ಲ. ಸಿಸ್ಟರ್ ಎದ್ದು ಹೊರಗೆ ಹೋಗಿ ಉಮ್ಮನ ಎರಡೂ ಕೈ ಹಿಡಿದು, "ತಪ್ಪಾತ್ರಿ ಅಮ್ಮಾರ, ನನ್ನ ಮಾತ್ನಿಂದ ನಿಮಗ ತ್ರಾಸ ಆತು," ಎಂದರು. ಉಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ. "ತೊಂದರೆ ಇಲ್ಲ, ಚಾ ಒಳ್ಳೆದಿತ್ತು," ಎಂದರು.

ನಾನು ಉಮ್ಮನ ತೋಳು ಇಳಿಸಿ ಹೊರಡಲಿಕ್ಕೆ ನೋಡುತ್ತಿದ್ದೆ. ಸಿಸ್ಟರ್ ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಅಕ್ಕಾರ, ನಿಮ್ದು ಆಗೇತೇನ್ರಿ?"

"ಎಂತದ್ದು?"

"ಸೂಜಿರೀ. ಕಡೀ ಬಾಟ್ಲಿ ತಗದೀವಿ. ಮಳಿಗೆ ಟೋಕನ್ ಮಂದಿ ಬರ್ಲೇ ಇಲ್ಲ. ಫೋನ್ ಹಚ್ಚಿದ್ರೂ ಎತ್ತವಲ್ರು. ಒಂದು ಡೋಸ್ ಉಳದೈತಿ. ತಗದ ಮ್ಯಾಲೆ ಇಷ್ಟ ತಾಸು ಅಂತ ಇರ್ತೈತಿ, ಆಮ್ಯಾಲೆ ಚೆಲ್ಲಬೇಕಾಗ್ತೈತ್ರಿ."

ಇಲ್ಲ ಎಂದು ತಲೆಯಾಡಿಸಿದೆ. ಸಿಸ್ಟರ್ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದರು. ಡಾಕ್ಟರ್ ಕುತ್ತಿಗೆ ಚಾಚಿ ನನ್ನನ್ನು ನೋಡಿ, "ಆಗ ಬೊಬ್ಬೆ ಹಾಕಿದವರಾ? ಹಾಕಿ, ಹಾಕಿ," ಎಂದರು. ಪರ್ಸಿನಲ್ಲಿ ಆಧಾರ್ ಕಾರ್ಡ್ ಇದ್ದೇ ಇತ್ತು. ಕುರ್ಚಿಯಲ್ಲಿ ಕೂತು ಬುರ್ಕಾದ ತೋಳು ಮೇಲೆ ಸರಿಸಿದೆ. ಒಳಗಿನ ಚೂಡಿದಾರದ ತೋಳು ಮೊಣಕೈಯಿಂದ ಮೇಲೆ ಒಂದು ಬೆರಳಷ್ಟೂ ಜರುಗಲಿಲ್ಲ.

ಎಂತ ಸಾವು ಮಾರಾಯ್ರೆ! ಊರಿನವರ ತೋಳೆಲ್ಲ ಸಡಿಲ ಮಾಡಿದವಳು ನನ್ನದನ್ನೇ ಮರೆತಿದ್ದೆ. ಫಿಟ್ಟಿಂಗ್ ಅಂದರೆ ನನ್ನ ಫಿಟ್ಟಿಂಗ್ ಎಂದು ಎಷ್ಟು ಜಂಬ ಇತ್ತು! ಎಳೆದೆ, ಮಡಚಿದೆ, ಸಿಸ್ಟರ್ ಕೂಡ ಎಳೆದರು. ಆ ತೋಳು ನನ್ನ ಬೀಗಿತ್ತಿಯ ಗೇಟಿನ ಹಾಗೆ ಅಲ್ಲಾಡಲಿಲ್ಲ. ಹೊರಗಿನಿಂದ ಯಾರಾದರೂ ಟೋಕನ್ ಹಿಡಿದು ಬಂದುಬಿಟ್ಟರೆ? ಪರ್ಸಿಗೆ ಕೈ ಹಾಕಿ ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದೆ. ಹೊಲಿಗೆ ಎಲ್ಲಿ ಉಂಟು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊಣಕೈಯಿಂದ ಭುಜದವರೆಗೆ ಚರ್ರನೆ ಬಿಚ್ಚಿದೆ.

"ಅಯ್ಯಯ್ಯ, ಹೊಸಾ ಅರಿವಿ ಹರದ್ರಲ್ರೀ!"

"ನಾನೇ ಹೊಲಿದದ್ದು, ನಾನೇ ಹೊಲಿದುಕೊಳ್ತೇನೆ. ನೀವು ಹಾಕಿ ಸಿಸ್ಟರ್!"

ಹಾಕಿದರು. ನೋವು ಗೊತ್ತೇ ಆಗಲಿಲ್ಲ. ಮೆಷಿನಿನ ಸೂಜಿ ಬೆರಳಿಗೆ ಹೊಕ್ಕ ನೋವಿನ ಮುಂದೆ ಇದೆಲ್ಲ ಯಾವ ಲೆಕ್ಕ? ಆದರೂ ನನ್ನ ಕಣ್ಣಿಂದ ನೀರು ಬಳಬಳ ಇಳಿಯಿತು. ನೋವಾತೇನ್ರಿ ಎಂದು ಸಿಸ್ಟರ್ ಗಾಬರಿಯಾದರು. "ಇಲ್ಲ ಸಿಸ್ಟರ್, ನಾನು ಅಜ್ಜಿಯಾದೆ," ಎಂದೆ. ಅವರಿಗೆ ಎಂತ ಅರ್ಥವಾಯಿತೋ, ಬೆನ್ನು ಸವರಿದರು.

ಅರ್ಧ ಗಂಟೆ ಕೂತುಕೊಳ್ಳಬೇಕಿತ್ತು. ಉಮ್ಮನ ಪಕ್ಕ, ಅದೇ ಬೆಂಚಿನಲ್ಲಿ ಕೂತೆ. ಉಮ್ಮ ಸುಮ್ಮನೆ ಇರುವವರಾ? "ನೀನು ಹೇಳಿದ ಹಾಗೆ ನಾನು ಮನೆಗೆ ಹೋಗಿದ್ದರೆ ನೀನು ಇಲ್ಲಿಗೆ ಬರ್ತಿದ್ದೆಯಾ? ಬರದಿದ್ದರೆ ಸೂಜಿ ಸಿಗ್ತಿತ್ತಾ?" ಅವರು ಕೂತದ್ದು ನನಗೆ ಸೂಜಿ ಸಿಗಲಿ ಎಂದಲ್ಲ. ಆದರೆ ಆ ದಿನ ಉಮ್ಮ ಎಂತ ಹೇಳಿದರೂ ಸರಿಯೇ. ನನಗೆ ಅವರನ್ನು ಎತ್ತಿಕೊಂಡು ಕುಣಿಯಬೇಕು ಅನ್ನಿಸುತ್ತಿತ್ತು. ಬುರ್ಕಾದ ಒಳಗೆ ಹರಿದ ತೋಳು ಪಟಪಟ ಹಾರಿಸಿಕೊಂಡು ಪೇಟೆಯ ನಡುವೆ ಎದೆ ಎತ್ತಿ ನಡೆದೆ.

ರಾತ್ರಿ ಇಬ್ಬರಿಗೂ ಜ್ವರ. ಒಂದೇ ಕೋಣೆಯಲ್ಲಿ ಕಂಬಳಿ ಹೊದ್ದು ನಡುಗುತ್ತಾ ಗಂಜಿ ಕುಡಿದೆವು. ಅಷ್ಟು ಖುಷಿಯ ಜ್ವರ ನನಗೆ ಯಾವತ್ತೂ ಬಂದದ್ದಿಲ್ಲ. ಬೀಗಿತ್ತಿಗೆ ಫೋನ್ ಮಾಡಿ, "ಆಯ್ತು! ಇಬ್ಬರಿಗೂ ಆಯ್ತು!" ಎಂದು ಕೂಗಿದೆ. ಅವರು ಜ್ವರ ಎಷ್ಟುಂಟು, ಮಾತ್ರೆ ತಗೊಂಡಿರಾ, ನೀರು ಕುಡೀತಿದ್ದೀರಾ ಎಂದೆಲ್ಲ ನರ್ಸಿನ ಹಾಗೆಯೇ ವಿಚಾರಿಸಿದರು. ಫೋನ್ ಇಡುವ ಮುಂಚೆ ಸ್ವರ ಬದಲಾಯಿತು. "ಹಂಡೆ ತೊಳೆದಿಡಿ," ಎಂದರು.

ಎರಡು ವಾರ ಕಳೆದ ಮರುದಿನ ಕಾರು ಮಾಡಿಕೊಂಡು ಹೋದೆವು. ಗೇಟು ಹಾರುಹೊಡೆದಿತ್ತು. ಬೀಗಿತ್ತಿ ಅಂಗಳಕ್ಕೇ ಇಳಿದು ನಿಂತಿದ್ದರು. ದಾರಿಯುದ್ದಕ್ಕೂ ನಾನು ಎಂತೆಂತದೋ ಚುಚ್ಚುಮಾತು ಹೊಂದಿಸಿಕೊಂಡು ಹೋಗಿದ್ದೆ. ಆದರೆ ಉಮ್ಮ ನನಗಿಂತ ಮೊದಲು ಕಾರಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ತಮ್ಮ ಸಂತೆಯ ಕನ್ನಡದಲ್ಲಿ ಹೇಳಿದರು, "ಮತ್ತೆ ಬರ್ಲಿಕ್ಕೆ ಹೇಳಿದ್ರಲ್ಲ? ಬಂದಿದ್ದೇವೆ."

ಬೀಗಿತ್ತಿ ನಕ್ಕುಬಿಟ್ಟರು. ಮಾಸ್ಕಿನ ಮೇಲೆ ಕಣ್ಣು ಒದ್ದೆಯಾಗಿತ್ತು. ಕೊಟ್ಟ ಮಾತಿನ ಹಾಗೆ ಮಗುವನ್ನು ತಾವೇ ತಂದು ನನ್ನ ಮಡಿಲಿಗೆ ಹಾಕಿದರು. ಮೊಬೈಲಿನಲ್ಲಿ ಗೊತ್ತೇ ಆಗದ ಒಂದು ಸಂಗತಿ ಉಂಟು, ಮಗುವಿನ ಭಾರ. ಹೊಂದಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ," ಎಂದೆ, ಅದು ಮನಸ್ಸಿನಿಂದಲೇ ಬಂತು. ಮಗಳು ಬಂದು ಹಿಂದಿನಿಂದ ನನ್ನನ್ನು ತಬ್ಬಿಕೊಂಡು ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು, ಸಣ್ಣವಳಿದ್ದಾಗ ಮಾಡುತ್ತಿದ್ದ ಹಾಗೆ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ ಕಾಪುವಿಗೆ ಹೊರಟೆವು.

ನಲವತ್ತರ ಸ್ನಾನ ನನ್ನ ಬಚ್ಚಲಿನಲ್ಲೇ ಆಯಿತು. ಹಂಡೆ ತುಂಬ ಕುದಿಯುವ ನೀರು, ಹೊರಗೆ ಮಳೆ. ಮಗಳು ಬಿಸಿ ಬಿಸಿ ಎಂದು ಕಿರುಚಿದಳು, ನಾನು ಚೊಂಬಿನ ಮೇಲೆ ಚೊಂಬು ಹೊಯ್ದೆ. ಬೀಗಿತ್ತಿಯೂ ಕಾರ್ಕಳದಿಂದ ಬಂದಿದ್ದರು. ನೀರಿಗೆ ಬೆರಳು ಅದ್ದಿ ನೋಡಿ ಪರವಾಗಿಲ್ಲ ಎಂದರು. ಬಿರಿಯಾನಿ ಮಾಡಿದ್ದೆವು. ಗಮ್ಮತ್ತೋ ಗಮ್ಮತ್ತು!

ಅದಾಗಿ ಕೆಲವೇ ದಿನಕ್ಕೆ ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದಿನ ಹೊತ್ತು ಬಂತು. ನಾವು ನಾಲ್ಕೂ ಹೆಂಗಸರು, ನಾಲ್ಕು ತಲೆಮಾರು, ಆರೋಗ್ಯ ಕೇಂದ್ರಕ್ಕೆ ಹೋದೆವು. ಅದೇ ವಿಜಯಪುರದ ಸಿಸ್ಟರ್! ನನ್ನ ತೋಳು ನೋಡಿ, "ಹೊಲಕೊಂಡ್ರೇನ್ರಿ?" ಎಂದರು. ಮಗಳು ನೋಡಲಿಕ್ಕೆ ಧೈರ್ಯ ಸಾಲದೆ ಗೋಡೆಯ ಕಡೆ ತಿರುಗಿದಳು. ಮಗುವನ್ನು ಮಡಿಲಲ್ಲಿ ಹಿಡಿದು ಕೂತದ್ದು ನಾನು. ಆ ಪುಟ್ಟ ತೊಡೆಗೆ ಸೂಜಿ ಹೊಕ್ಕಾಗ ಮಗು ಹಾಕಿದ ಬೊಬ್ಬೆಗೆ ಕೇಂದ್ರವೇ ನಡುಗಿತು. ನಮ್ಮ ಮನೆಯದ್ದೇ ಮಗು, ಸಂಶಯ ಇಲ್ಲ. ನಾನು ಎದೆಗೆ ಒತ್ತಿಕೊಂಡೆ, ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಯಿತು.

"ಆತ್ರಿ, ಮತ್ತ..." ಎಂದು ಶುರು ಮಾಡಿದ ಸಿಸ್ಟರ್ ಬೆಂಚಿನಲ್ಲಿ ಕೂತಿದ್ದ ಉಮ್ಮನನ್ನು ನೋಡಿ ನಾಲಿಗೆ ಕಚ್ಚಿಕೊಂಡರು. "ಪುನಃ ಬರ್ರಿ. ಮುಂದಿನ ತಿಂಗಳಾ."

"ಬರ್ತೇವೆ, ಬರ್ತೇವೆ," ಎಂದರು ಉಮ್ಮ ಏಳುತ್ತಾ. "ಮಗು ಇನ್ನೂ ಕೆಲವು ತಿಂಗಳು ನಮ್ಮಲ್ಲೇ ಉಂಟು."